ಮೂಗುಬೊಟ್ಟಿನ ಕಿರಣಗಳು

ಕತ್ತಲೆ ಕೋಣೆಯಲ್ಲಿ ತಣ್ಣಗೆ ಕೂತು ಸಂಬಳ ಎಣಿಸುವವರು ಎಂದು ನಮ್ಮ ಆಸ್ಪತ್ರೆಯ ಸರ್ಜನ್ನುಗಳು ನಮ್ಮನ್ನು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಚಾಕು ಎತ್ತುವ ಮೊದಲು ಅವರೆಲ್ಲ ಆ ಕತ್ತಲೆ ಕೋಣೆಯ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು. ನಾನು ರೇಡಿಯಾಲಜಿಸ್ಟ್. ಎಕ್ಸ್-ರೇ, ಸ್ಕ್ಯಾನು ಓದಿ ಮೈಯೊಳಗೆ ಏನಾಗಿದೆ ಎಂದು ಹೇಳುವ ವೈದ್ಯೆ. ಹೈದರಾಬಾದಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸದ ಆಯುಷ್ಯವನ್ನೆಲ್ಲ ಕಳೆದು, ಈಗ ಹಿಮಾಯತ್‌ನಗರದ ಮನೆಯಲ್ಲಿ ಬೆಳಗಿನ ಪೇಪರಿನ ಜತೆ ಜಗಳವಾಡಿಕೊಂಡು ಇದ್ದೇನೆ.

ಮೊನ್ನೆ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. "ಮೇಡಂ, ಈಗ ಕಂಪ್ಯೂಟರೇ ಸ್ಕ್ಯಾನ್ ಓದುತ್ತದಂತೆ. ನಾವು ಕಲಿಯುವುದಕ್ಕೆ ಏನು ಉಳಿದಿದೆ?" ಎಂದಳು. ಮೊದಲು ಚಹಾ ಕುಡಿ ಮಾರಾಯ್ತಿ ಎಂದೆ. ಉತ್ತರ ಚಹಾ ಆರುವುದರೊಳಗೆ ಮುಗಿಯುವಂಥದ್ದಾಗಿರಲಿಲ್ಲ, ಹಾಗಾಗಿ ಬರೆಯಲು ಕೂತೆ. ನಾನು ಯಾವಾಗ ಪ್ರೊಫೆಸರ್ ಆದೆ, ಯಾವಾಗ ಮುಖ್ಯಸ್ಥೆ ಆದೆ ಎಂಬುದೆಲ್ಲ ಪಿಂಚಣಿ ಕಚೇರಿಯವರಿಗೆ ಗೊತ್ತಿದೆ, ನಿಮಗೆ ಬೇಡ. ಮುಖದ ಎಲುಬಿನಲ್ಲಿ ಬೆಳೆಯುವ ಒಂದು ಗಂಟಿನ ಬಗ್ಗೆ ಹೇಳುತ್ತೇನೆ. ಅದನ್ನು ಕಂಡವರು ಕಡಿಮೆ, ಕಂಡು ಮೋಸಹೋದವರು ಜಾಸ್ತಿ.

ಹೆಮಾಂಜಿಯೋಮ ಎಂದು ಅದರ ಹೆಸರು. ಎಲುಬಿನೊಳಗೆ ಸಣ್ಣ ಸಣ್ಣ ರಕ್ತನಾಳಗಳು ಒಂದಕ್ಕೊಂದು ಹೆಣೆದುಕೊಂಡು ಗಂಟಾಗುತ್ತವೆ. ಕ್ಯಾನ್ಸರ್ ಅಲ್ಲ. ಬೇರೆ ಕಡೆ ಹರಡುವುದಿಲ್ಲ, ಜೀವ ತಿನ್ನುವುದಿಲ್ಲ. ನಿಧಾನವಾಗಿ ಉಬ್ಬುತ್ತದೆ ಅಷ್ಟೇ. ಆದರೆ ಅದು ಏನೆಂದು ತಿಳಿಯದೆ ಕೈ ಹಾಕಿದಿರೋ, ನಲ್ಲಿ ಬಿಟ್ಟ ಹಾಗೆ ರಕ್ತ ಬರುತ್ತದೆ. ಸಾಧು ಪ್ರಾಣಿ, ಕೆಣಕಬಾರದು.

ಇದನ್ನು ನನಗೆ ಕಲಿಸಿದವರು ನಮ್ಮ ಹಳೆಯ ಮುಖ್ಯಸ್ಥರು, ಖಾದ್ರಿ ಸಾಹೇಬರು. ಅಪ್ಪಟ ಹೈದರಾಬಾದಿ ಮನುಷ್ಯ, ಬಾಯಿ ತುಂಬ ಪಾನು, ಆ ಪಾನಿನ ಸಂದಿಯಿಂದಲೇ ಬೈಗುಳ. ಆಗೆಲ್ಲ ಎಕ್ಸ್-ರೇ ಫಿಲ್ಮನ್ನು ಕತ್ತಲಲ್ಲಿ ತೊಳೆದು, ಒದ್ದೆ ಇರುವಾಗಲೇ ದೀಪದ ಪೆಟ್ಟಿಗೆಯ ಮೇಲೆ ಹಾಕಿ ನೋಡುತ್ತಿದ್ದೆವು. ತೊಟ್ಟಿಕ್ಕುವ ನೀರು ಸೀರೆಗೆ. ಹೊಸಬಳಾದ ನಾನು ಫಿಲ್ಮ್ ಕೈಗೆ ಬಂದ ಕೂಡಲೇ ಓಡಿಹೋಗಿ ದೀಪಕ್ಕೆ ಹಿಡಿಯುತ್ತಿದ್ದೆ. ಅವರು ಹಿಂದಿನಿಂದ ಗದರುತ್ತಿದ್ದರು: "ಅರೇ ಬೇಟಿ, ಫಿಲ್ಮ್ ಎಲ್ಲಿ ಓಡಿಹೋಗ್ತದೆ? ಹೊರಗೆ ಬೆಂಚಿನ ಮೇಲೆ ಮನುಷ್ಯ ಕೂತಿದ್ದಾನೆ, ಪೆಹಲೇ ಅವನನ್ನ ನೋಡು!" ಬೆಂಚಿನ ಮೇಲಿದ್ದವರ ಮುಖ ನೋಡಿ, ಊತ ಮುಟ್ಟಿ, ಎರಡು ಮಾತಾಡಿಸಿ ಬಂದ ಮೇಲೆಯೇ ಫಿಲ್ಮ್ ಕೊಡುತ್ತಿದ್ದರು. ಆಗ ಇದೆಂಥ ಕಾಟ ಎಂದು ಶಪಿಸಿದ್ದೇನೆ.

ಒಂದು ದಿನ ನಮ್ಮ ಹಲ್ಲಿನ ವಿಭಾಗದಿಂದ ಕಿರುಚಾಟ ಕೇಳಿತು. ಸಾಹೇಬರ ಹಿಂದೆ ನಾನೂ ಓಡಿದೆ. ಆಟೋ ಓಡಿಸುವ ಯುವಕನೊಬ್ಬ ಕುರ್ಚಿಯಲ್ಲಿದ್ದಾನೆ. ಅಲುಗಾಡುತ್ತಿದ್ದ ಒಂದು ದವಡೆ ಹಲ್ಲನ್ನು ಕಿರಿಯ ವೈದ್ಯರು ಕಿತ್ತಿದ್ದಾರೆ, ಸಲೀಸಾಗಿ ಬಂದಿದೆ, ಅದರ ಹಿಂದೆಯೇ ರಕ್ತ. ಹತ್ತಿ ಒತ್ತುತ್ತಾರೆ, ಹತ್ತಿ ತೊಯ್ದು ಬರುತ್ತದೆ. ಸಾಹೇಬರು ತಟ್ಟೆಯಲ್ಲಿದ್ದ ಅದೇ ಹಲ್ಲನ್ನು ಎತ್ತಿ, ಬಂದ ಗೂಡಿಗೇ ವಾಪಸು ತುರುಕಿ, "ಕಚ್ಚು! ಜೋರಾಗಿ ಕಚ್ಚು!" ಎಂದು ಆ ಹುಡುಗನ ಗದ್ದವನ್ನು ಎರಡೂ ಕೈಯಲ್ಲಿ ಮೇಲಕ್ಕೊತ್ತಿ ಹಿಡಿದರು. ಬಾಟಲಿಗೆ ಬಿರಡೆ ಹಾಕಿದಂತೆ ರಕ್ತ ನಿಂತಿತು. ಹುಡುಗ ಬದುಕಿದ.

ಆಮೇಲೆ ಸಾಹೇಬರು ಯಾರನ್ನೂ ಬೈಯಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, ದವಡೆಯಲ್ಲಿ ಈ ಗಂಟಿದ್ದರೆ ಅಲ್ಲಿನ ಹಲ್ಲನ್ನು ಬೆರಳಿನಿಂದ ಕೆಳಗೆ ಒತ್ತಿ ಬಿಟ್ಟರೆ ತಾನಾಗಿ ಮೇಲೆ ಬರುತ್ತದೆ, ಕೆಳಗೆ ರಕ್ತದ ಹಾಸಿಗೆ ಇರುತ್ತದೆ, ಒತ್ತಿ ನೋಡುವುದಕ್ಕೆ ಯಾವ ಮಷೀನೂ ಬೇಡ ಎಂದು ಹೇಳಿದರು. ಅನುಮಾನವಿದ್ದರೆ ಮೊದಲು ಸೂಜಿ ಹಾಕಿ ಎಳೆದು ನೋಡಬೇಕು. ಬರೀ ರಕ್ತ ಬಂದರೆ ಚಾಕು ಕೆಳಗಿಡಬೇಕು. ಅಂದಿನಿಂದ ನಾನು ಬೆಂಚಿನ ಮೇಲಿದ್ದವರನ್ನು ನೋಡದೆ ವರದಿ ಬರೆದಿಲ್ಲ.

ಕಾಲ ಬದಲಾಯಿತು. ಸಿ.ಟಿ. ಸ್ಕ್ಯಾನ್ ಬಂತು, ಮುಖವನ್ನು ಸೌತೆಕಾಯಿಯಂತೆ ಬಿಲ್ಲೆ ಬಿಲ್ಲೆಯಾಗಿ ನೋಡುವ ಭಾಗ್ಯ ಬಂತು. ಒಂದೇ ಚಿತ್ರವನ್ನು ಒಂದು ಬಗೆಯ ಬೆಳಕಿನಲ್ಲಿಟ್ಟರೆ ಮಾಂಸ ಚೆನ್ನಾಗಿ ಕಾಣುತ್ತದೆ, ಇನ್ನೊಂದರಲ್ಲಿಟ್ಟರೆ ಎಲುಬಿನ ಒಂದೊಂದು ಎಳೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಗುಂಡಿ ತಿರುಗಿಸಿದರೆ ಆಯಿತು. ಆದರೆ ಸುಖದ ಜತೆ ಒಂದು ಕೆಟ್ಟ ಚಾಳಿಯೂ ಬಂತು. ರೋಗಿ ಎಲ್ಲೋ ಸ್ಕ್ಯಾನ್ ಮಾಡಿಸುತ್ತಾರೆ, ಓದುವವರು ಇನ್ನೆಲ್ಲೋ ಕೂತಿರುತ್ತಾರೆ. ಅವರು ಆ ಮುಖವನ್ನು ನೋಡಿರುವುದೇ ಇಲ್ಲ. ಶರಣಮ್ಮ ಎಂಬುವಳಿಗೆ ಆದದ್ದು ಇದೇ.

ತೆಲಂಗಾಣ ಬೇರೆ ರಾಜ್ಯವಾದ ಮೇಲಿನ ಮಾತು ಇದು. ಜನವರಿ ತಿಂಗಳು, ನಾಂಪಲ್ಲಿಯಲ್ಲಿ ನುಮಾಯಿಶ್, ಅಂದರೆ ವರ್ಷದ ದೊಡ್ಡ ವಸ್ತುಪ್ರದರ್ಶನ, ನಡೆಯುತ್ತಿದ್ದುದರಿಂದ ದಾರಿಯೆಲ್ಲ ಗಿಜಿಗಿಜಿ, ನಾನು ತಡವಾಗಿ ಬಂದು ಸಿಡುಕುತ್ತಾ ಕೂತಿದ್ದೆ. ಮುಖದ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಪ್ರಭಾಕರ್ ಒಂದು ಫಿಲ್ಮ್ ಹಿಡಿದುಕೊಂಡು ಬಂದರು. ಒಳ್ಳೆಯ ಕೈ, ಒಳ್ಳೆಯ ಮನಸ್ಸು, ಅವಸರ ಮಾತ್ರ ಸ್ವಲ್ಪ ಜಾಸ್ತಿ.

"ಮೇಡಂಗಾರು, ಚಿಕ್ಕ ವಯಸ್ಸಿನವಳು. ಎಡ ಮೂಗಿನ ಪಕ್ಕ, ಕಣ್ಣಿನ ಕೆಳಗೆ ಎಲುಬು ಉಬ್ಬಿದೆ. ಹೊರಗಡೆ ಸ್ಕ್ಯಾನ್ ಮಾಡಿದವರು ಎಲುಬಿನಿಂದ ಸೂರ್ಯಕಿರಣದ ಹಾಗೆ ಗೆರೆಗಳು ಹೊರಟಿವೆ, ಎಲುಬಿನ ಕ್ಯಾನ್ಸರ್ ಇರಬೇಕು ಅಂತ ಬರೆದಿದ್ದಾರೆ. ಅಲ್ಲೇ ಒಂದು ಚೂರು ತೆಗೆಯೋಕೆ ಹೋದರಂತೆ, ರಕ್ತ ಬಂದು ನಿಲ್ಲಿಸಿದ್ದಾರೆ, ಪರೀಕ್ಷೆಗೆ ಏನೂ ಸಿಕ್ಕಿಲ್ಲ. ನಾಳೆ ನಾನು ಅರಿವಳಿಕೆ ಕೊಟ್ಟು ಆಳಕ್ಕೆ ಹೋಗಿ ಚೂರು ತೆಗೀತೀನಿ. ಕ್ಯಾನ್ಸರ್ ಆದರೆ ಅರ್ಧ ಮೇಲ್ದವಡೆ ಹೋಗುತ್ತೆ, ಕಣ್ಣೂ ಉಳಿಯೋದು ಅನುಮಾನ ಅಂತ ಮನೆಯವರಿಗೆ ಹೇಳಿದ್ದೇನೆ."

"ಮನೆಯವರು ಏನಂದರು?"

"ಸಂಜೆ ಟ್ರೇನಿಗೆ ಊರಿಗೆ ಕರೆದುಕೊಂಡು ಹೋಗ್ತೀವಿ ಅಂತಾರೆ. ನಿಮ್ಮ ಕಡೆಯವರೇ, ಕನ್ನಡದವರು. ನೀವೇ ಬುದ್ಧಿ ಹೇಳಬೇಕು."

ರಕ್ತ ಎಂದಾಗಲೇ ನನ್ನ ಕಿವಿ ನೆಟ್ಟಗಾಗಿತ್ತು. ಫಿಲ್ಮಿನಲ್ಲಿ ಕಿರಣಗಳು ನಿಜವಾಗಿಯೂ ಇದ್ದವು, ಊತದ ಮೇಲೆಲ್ಲ ಬಿಳಿ ಗೆರೆಗಳು. ಎಲುಬಿನ ಅಂಚು ಎಲ್ಲಿ ಮುಗಿಯುತ್ತದೆ ಎಂಬುದೇ ತಿಳಿಯದಷ್ಟು ಗೆರೆ. ಇಲ್ಲಿ ಒಂದು ತೊಡಕಿದೆ, ಕೇಳಿ. ಎಲುಬಿನ ಕ್ಯಾನ್ಸರಿನಲ್ಲೂ ಕಿರಣ ಕಾಣುತ್ತದೆ, ನಾನು ಹೇಳಿದ ಸಾಧು ಗಂಟಿನಲ್ಲೂ ಕಾಣುತ್ತದೆ. ಕ್ಯಾನ್ಸರ್ ಎಲುಬಿನ ಹೊರಪದರವನ್ನು ಒಡೆದುಕೊಂಡು ಮಾಂಸಕ್ಕೆ ನುಗ್ಗುತ್ತದೆ. ಹೆಮಾಂಜಿಯೋಮದಲ್ಲಿ ಪದರ ಉಬ್ಬಿ ತೆಳುವಾಗುತ್ತದೆ, ಆದರೆ ಸಾಮಾನ್ಯವಾಗಿ ಒಡೆಯುವುದಿಲ್ಲ. ಎಲ್ಲವೂ ಆ ಪದರದ ಮೇಲೆ ನಿಂತಿದೆ, ಆ ಪದರವೇ ಗೆರೆಗಳ ಕೆಳಗೆ ಮುಚ್ಚಿಹೋಗಿತ್ತು.

ಫಿಲ್ಮ್ ಬದಿಗಿಟ್ಟು ಹೊರಗೆ ಬೆಂಚಿನ ಕಡೆ ಹೋದೆ. ಗಂಟು ಕಟ್ಟಿದ ಚೀಲಗಳ ನಡುವೆ ಶರಣಮ್ಮ ಕೂತಿದ್ದಳು, ಪಕ್ಕದಲ್ಲಿ ಅತ್ತೆ ನಾಗಮ್ಮ. ಯಾದಗಿರಿ ಕಡೆಯವರು, ಜೀಡಿಮೆಟ್ಲಾದಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದವರು. ಸೆರಗು ಮೂಗಿನವರೆಗೆ ಎಳೆದುಕೊಂಡಿದ್ದಳು ಹುಡುಗಿ. "ತಗಿ ಯವ್ವಾ, ನೋಡೂಣು" ಎಂದೆ. ಆಸ್ಪತ್ರೆಯಲ್ಲಿ ತೆಲುಗು, ಹಿಂದಿ ಬಿಟ್ಟು ಬೇರೆ ಕೇಳದಿದ್ದ ಅವಳು ಗಕ್ಕನೆ ತಲೆಯೆತ್ತಿದಳು. ಸೆರಗು ಸರಿಯಿತು. ಊತದ ಪಕ್ಕದಲ್ಲೇ, ಎಡ ಮೂಗಿನಲ್ಲಿ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚಿನ್ನದ ಮೂಗುಬೊಟ್ಟು.

ನಾನು ಹಾಗೇ ತಿರುಗಿ ಒಳಗೆ ಓಡಿದೆ. ಅವರ ಚೀಲದಲ್ಲಿದ್ದ ಸ್ಕ್ಯಾನಿನ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿಸಿದೆ. ಫಿಲ್ಮ್ ಅಚ್ಚು ಹಾಕುವಾಗ ಮುಖದ ಸುತ್ತ ಕತ್ತರಿಸಿದ್ದರು, ಪರದೆಯಲ್ಲಿ ಇಡೀ ಚಿತ್ರ ಬಂತು. ಆ ಕಿರಣಗಳು ಮುಖ ದಾಟಿ, ಚರ್ಮ ದಾಟಿ, ಹೊರಗೆ ಖಾಲಿ ಗಾಳಿಯಲ್ಲೂ ಚಾಚಿಕೊಂಡಿದ್ದವು.

"ಪ್ರಭಾಕರ್, ಎಲುಬು ಗಾಳಿಯಲ್ಲಿ ಬೆಳೆಯುತ್ತದೇನಪ್ಪಾ?" ಎಂದೆ.

ಲೋಹ ಹತ್ತಿರ ಇದ್ದರೆ ಸ್ಕ್ಯಾನಿನಲ್ಲಿ ಹೀಗೆ ಗೆರೆಗಳು ಏಳುತ್ತವೆ ಎಂದು ಮೊದಲ ವರ್ಷದ ಹುಡುಗರಿಗೂ ಗೊತ್ತು. ಆದರೆ ಸ್ಕ್ಯಾನ್ ಓದಿದವರು ಆ ಹುಡುಗಿಯ ಮೂಗು ನೋಡಿರಲಿಲ್ಲ, ಮೂಗು ನೋಡಿದವರು ಅದನ್ನು ಸ್ಕ್ಯಾನಿನ ಜತೆ ತಾಳೆ ಹಾಕಿರಲಿಲ್ಲ. ಗೆರೆಗಳ ಕೆಳಗೆ ಕ್ಯಾನ್ಸರ್ ಇದೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಮೂಗುಬೊಟ್ಟು ತೆಗೆದು, ತೆಳು ಬಿಲ್ಲೆಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕು, ಅದೂ ಟ್ರೇನಿನ ಹೊತ್ತಿಗೆ ಮುಂಚೆ. ಸುಲಭದ ಕೆಲಸ ಅಂದುಕೊಂಡೆ.

"ತಗಿಯಂಗಿಲ್ರಿ ಅಮ್ಮಾರ," ಎಂದಳು ನಾಗಮ್ಮ. "ಬೇಕಾದ್ರ ನನ್ನ ಕುತ್ತಿಗಿ ಕೊಯ್ರಿ. ಮೂಗಬಟ್ಟ ತಗಿಯಂಗಿಲ್ಲ."

"ಯಾಕ್ರಿ? ಹಿಂದ ಸ್ಕ್ಯಾನ್ ಮಾಡಿದವ್ರು ತಗೀರಿ ಅನ್ನಲಿಲ್ಲೇನು?"

"ಅಂದ್ರು. ನಾ ಬ್ಯಾಡ ಅಂದೆ. ಅವ್ರು ಬಿಟ್ರು."

ನನಗೆ ರೇಗಿಹೋಯಿತು. ಸೊಸೆಯ ಮುಖ ಹೋಗುವುದರಲ್ಲಿದೆ, ಕಣ್ಣು ಹೋಗುವುದರಲ್ಲಿದೆ, ನಿಮಗೆ ಒಂದು ಚೂರು ಚಿನ್ನ ದೊಡ್ಡದಾಯಿತೇ ಎಂದು ಬಾಯಿಗೆ ಬಂದಂತೆ ಅಂದೆ. ಕಾರಿಡಾರಿನಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ನಾಗಮ್ಮ ಅಲುಗಲಿಲ್ಲ.

"ಚಿನ್ನದ ಮಾತಲ್ರಿ ಇದು," ಎಂದಳು. "ನನ್ನ ಮಗ ಹಣಮಂತ ದಿನಾ ಮುಗಿಲಿನಷ್ಟು ಎತ್ತರ ಬೊಂಬಿನ ಮ್ಯಾಲ ನಿಂತು ಗ್ವಾಡಿಗೆ ಗಿಲಾವ್ ಮಾಡ್ತಾನ. ಅವನಪ್ಪ, ನನ್ನ ಗಂಡನೂ ಅದ ಕೆಲಸ ಮಾಡ್ತಿದ್ದ. ಅವತ್ತ ಮುಂಜಾನಿ ನಾ ಮೂಗಬಟ್ಟ ತೊಳ್ಯಾಕ ಅಂತ ತಗದಿಟ್ಟಿದ್ದೆ. ಹೊತ್ತ ಮುಳಗೂದ್ರಾಗ ಅವ ಬಿದ್ದ ಸುದ್ದಿ ಬಂತು. ತಿರುಗಿ ಹಾಕ್ಕೊಳ್ಳೂದ ಬರಲಿಲ್ಲ. ನೋಡ್ರಿ ನನ್ನ ಮೂಗು."

ನೋಡಿದೆ. ಅವಳ ಮೂಗಿನಲ್ಲಿ ಬರೀ ತೂತಿತ್ತು. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಹಾಗಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳುವಷ್ಟು ಓದು ನನಗಿತ್ತು, ಆದರೆ ಹೆದರಿದವರ ಜತೆ ವಾದ ಮಾಡಿ ನಾನು ಗೆದ್ದದ್ದು ಯಾವತ್ತೂ ಇಲ್ಲ.

ಆಗ ಶರಣಮ್ಮ ಬಾಯಿಬಿಟ್ಟಳು. "ಅತ್ತಿ, ನನಗ ಎರಡೂ ಕಣ್ಣ ಬೇಕು." ಅಷ್ಟೇ. ಅತ್ತೆಯ ಗಲ್ಲದ ಮೇಲೆ ನೀರು ಇಳಿಯಿತು, ಆದರೂ ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು.

ನಾನು ಅವಳ ಪಕ್ಕದಲ್ಲಿ ಚೀಲ ಸರಿಸಿ ಕೂತೆ. ನಮ್ಮಪ್ಪ ಬೀದರ ಕಡೆಯಿಂದ ಇಲ್ಲಿನ ಕೇಂದ್ರ ಸರ್ಕಾರದ ಕಾರ್ಖಾನೆಯ ಕೆಲಸಕ್ಕೆ ಬಂದವರು. ಕ್ವಾರ್ಟರ್ಸಿನ ಅಂಗಳದಲ್ಲಿ ಅಕ್ಕಸಾಲಿಗನನ್ನು ಕರೆಸಿ ನನ್ನ ಮೂಗು ಚುಚ್ಚಿಸಿದ್ದರು. ನಾನು ಬೀದಿಗೆಲ್ಲ ಕೇಳುವಂತೆ ಅತ್ತಿದ್ದೆ. ಗಾಯ ಮಾಯುವ ತನಕ ಅವ್ವ ನನ್ನ ಮೂಗಿನಲ್ಲಿ ಸಣ್ಣ ಬೇವಿನ ಕಡ್ಡಿ ಇಟ್ಟಿದ್ದಳು. ಅದು ಥಟ್ಟನೆ ನೆನಪಾಯಿತು.

"ನಾಗಮ್ಮ, ಮೂಗು ಚುಚ್ಚಿದಾಗ ಬೇವಿನ ಕಡ್ಡಿ ಇಡ್ತೀವಲ್ರಿ. ಕಡ್ಡಿ ಇದ್ದ ಮೂಗಿಗೆ ಬರೇ ಮೂಗು ಅಂತೀವೇನು?"

ಅವಳು ಕಣ್ಣು ಒರೆಸಿಕೊಂಡು ನನ್ನನ್ನೇ ನೋಡಿದಳು. "ಬರೇ ಮೂಗು ಅನ್ನಾಕ ಬರಂಗಿಲ್ಲ," ಎಂದಳು. "ಆದ್ರ ಒಂದ ಮಾತ್ರಿ. ಕಡ್ಡಿ ಇರೋತನ ಅವ ಮ್ಯಾಲ ಹತ್ತಬಾರ್ದು. ನೆಲದ ಮ್ಯಾಲ ಇರಬೇಕು, ನನ್ನ ಕಣ್ಣ ಮುಂದ."

ಸರಿ, ಹಣಮಂತನಿಗೆ ಫೋನ್ ಹೋಯಿತು. ಅವನು ಜೀಡಿಮೆಟ್ಲಾದಿಂದ ನುಮಾಯಿಶ್‌ನ ಆ ಗದ್ದಲ ದಾಟಿ ಬರುವಷ್ಟರಲ್ಲಿ ನಾನು ಇದ್ದ ಉಗುರೆಲ್ಲ ಕಚ್ಚಿ ಮುಗಿಸಿದ್ದೆ. ಮೊಣಕಾಲಿನವರೆಗೂ ಸಿಮೆಂಟು ಮೆತ್ತಿಕೊಂಡ ಎತ್ತರದ ಹುಡುಗ, ಏದುಸಿರು ಬಿಡುತ್ತಾ, "ಏನಾತ್ರಿ? ಸತ್ಲೇನ್ರಿ?" ಎಂದು ಕೇಳಿಕೊಂಡೇ ಬಂದ. ಇದ್ದಾಳೆ ಮಾರಾಯ, ನೀನು ಸುಮ್ಮನೆ ಕೆಳಗೆ ಕೂತುಕೋ ಎಂದೆ. ಬೆಂಚಿನ ಮೇಲೂ ಬೇಡ ಎಂದಳು ನಾಗಮ್ಮ. ಅವನು ಸ್ಕ್ಯಾನ್ ಕೋಣೆಯ ಹೊರಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಾಗಮ್ಮ ಆಸ್ಪತ್ರೆಯ ಅಂಗಳದ ಬೇವಿನ ಮರದಿಂದ ತಾನೇ ಕಡ್ಡಿ ಮುರಿದು ತಂದಳು. ತಿರುಪು ಹಿಡಿದುಕೊಂಡಿದ್ದ ಮೂಗುಬೊಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ತಾನೇ ಬಿಚ್ಚಿದಳು, ತಾನೇ ಕಡ್ಡಿ ಸಿಕ್ಕಿಸಿದಳು. ನರ್ಸಿಗೆ ಮುಟ್ಟಲು ಬಿಡಲಿಲ್ಲ. ಬೊಟ್ಟನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಇನ್ನೊಂದು ಕೈಯನ್ನು ಮಗನ ತಲೆಯ ಮೇಲಿಟ್ಟು ನಿಂತಳು.

"ಮಾಡ್ರಿ ಲಗೂ," ಎಂದಳು.

ಪರದೆಯ ಮೇಲೆ ಬಿಲ್ಲೆಗಳು ಒಂದೊಂದಾಗಿ ಬಂದವು. ನನ್ನ ಹಿಂದೆ ಪ್ರಭಾಕರ್ ನಿಂತಿದ್ದರು. ಗೆರೆಗಳ ಆ ರಾಡಿ ಹೋಗಿತ್ತು. ಎಲುಬು ಕಾಣುವ ಬೆಳಕಿಗೆ ಗುಂಡಿ ತಿರುಗಿಸಿದೆ. ಊತದೊಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ಕೋಣೆಗಳು, ನಡುವಿನಿಂದ ಹೊರಟ ದಪ್ಪನೆಯ ಎಲುಬಿನ ಎಳೆಗಳು, ಅವೂ ಪದರದೊಳಗೇ ನಿಂತಿದ್ದವು. ಹೊರಗೆ, ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಪದರ. ಒಂದು ಬಿಲ್ಲೆಯಲ್ಲೂ ಒಡೆದಿರಲಿಲ್ಲ. ನಾನು ಮೇಲಿನಿಂದ ಕೆಳಗೆ ನೋಡಿದೆ, ಕೆಳಗಿನಿಂದ ಮೇಲೆ ನೋಡಿದೆ. ರಕ್ತ ಎದ್ದು ಕಾಣಿಸುವ ಔಷಧಿಯನ್ನು ನರಕ್ಕೆ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿದಾಗ ಆ ಸಣ್ಣ ಕೋಣೆಗಳಲ್ಲಿ ರಕ್ತ ನಿಧಾನವಾಗಿ ತುಂಬುವುದೂ ಕಂಡಿತು. ಕುರ್ಚಿಗೆ ಒರಗಿದೆ. ಎಷ್ಟು ಸಂತೋಷವಾಯಿತು ಎಂದರೆ ಎದ್ದು ಕುಣಿಯುವುದೊಂದು ಬಾಕಿ.

"ನಾಳೆ ಆಳಕ್ಕೆ ಚಾಕು ಹಾಕಿದ್ದರೆ..." ಎಂದರು ಪ್ರಭಾಕರ್. ಆ ವಾಕ್ಯದ ಉಳಿದರ್ಧ ನನಗೆ ಬೇಡವಾಗಿತ್ತು.

ಹೊರಗೆ ಬಂದು ನಾಗಮ್ಮನಿಗೆ ಹೇಳಿದೆ: "ಪೂರಾ ಖಾತ್ರಿ ಆಗಬೇಕಂದ್ರ ಗಂಟು ತಗದು ಪರೀಕ್ಷಾ ಮಾಡಬೇಕು. ಆದ್ರ ಈಗ ನಾ ಕಂಡಷ್ಟು, ಇದು ಕ್ಯಾನ್ಸರ್ ಅಲ್ರಿ. ರಕ್ತದ ಗಂಟು. ಕಣ್ಣು ಉಳೀತೈತಿ, ಮಾರಿ ಉಳೀತೈತಿ."

ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಮೊದಲು ಸೊಸೆಯ ಗದ್ದ ಹಿಡಿದು ಕಡ್ಡಿ ತೆಗೆದು ಮೂಗುಬೊಟ್ಟು ಹಾಕಿದಳು, ತಿರುಪು ಬಿಗಿ ಮಾಡಿದಳು, ಎರಡು ಸಲ ಎಳೆದು ನೋಡಿದಳು. ಆಮೇಲೆ ಕೆಳಗೆ ಕೂತಿದ್ದ ಮಗನ ಪಕ್ಕ ಕುಸಿದು ಕೂತು ಹೋ ಎಂದು ಅತ್ತುಬಿಟ್ಟಳು. ಹಣಮಂತನೂ ಅತ್ತ. ಅವತ್ತಿನ ಟ್ರೇನು ಅವರನ್ನು ಬಿಟ್ಟೇ ಹೋಯಿತು.

ಮುಂದಿನದು ಪ್ರಭಾಕರ್ ಅವರ ಕೈಚಳಕ, ಅದರ ಶ್ರೇಯವನ್ನು ನಾನು ಹೊಡೆದುಕೊಳ್ಳಬಾರದು. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ಏರಿಸಿ ಗಂಟಿಗೆ ರಕ್ತ ಕೊಡುವ ನಾಳವನ್ನು ಮೊದಲೇ ಮುಚ್ಚಿಸಿದರು. ಆಮೇಲೆ ಗಂಟನ್ನು ಕೆಣಕದೆ, ಸುತ್ತಲಿನ ಒಳ್ಳೆಯ ಎಲುಬಿನ ಅಂಚಿನ ಸಮೇತ ಇಡಿಯಾಗಿ ತೆಗೆದರು. ಅವಳದೇ ಸೊಂಟದ ಎಲುಬಿನ ಚೂರನ್ನು ಆ ಜಾಗಕ್ಕೆ ಕೂಡಿಸಿದರು. ಪರೀಕ್ಷೆಯಲ್ಲೂ ಹೆಮಾಂಜಿಯೋಮ ಎಂದೇ ಬಂತು. ಶಸ್ತ್ರಚಿಕಿತ್ಸೆಗೂ ಮೂಗುಬೊಟ್ಟು ಇರುವ ಹಾಗಿಲ್ಲ, ಗಾಯ ಮಾಯುವ ತನಕವೂ ಬೇಡ ಎಂದಿದ್ದರಿಂದ ಮತ್ತೆ ಬೇವಿನ ಕಡ್ಡಿ ಬಂತು. ಹಣಮಂತ ಮೇಸ್ತ್ರಿಗೆ ಹೇಳಿ ಕೆಳಗೆ ಸಿಮೆಂಟು ಕಲಸುವ ಕೆಲಸ ಹಿಡಿದ. ಕಡ್ಡಿ ಇರೋತನ ಮ್ಯಾಲ ಹತ್ತಂಗಿಲ್ಲ ಎಂದು ತಾಯಿಯ ಕೈ ಮುಟ್ಟಿ ಮಾತು ಕೊಟ್ಟ.

ಅಂದಿನಿಂದ ನಮ್ಮ ಸ್ಕ್ಯಾನ್ ಕೋಣೆಯ ಕಪಾಟಿನಲ್ಲಿ ಬಿಸಿನೀರಲ್ಲಿ ಕುದಿಸಿ ಒಣಗಿಸಿದ ಬೇವಿನ ಕಡ್ಡಿಗಳ ಡಬ್ಬಿಯೊಂದು ಇದೆ. ಹೊಸದಾಗಿ ಬಂದವರು ನಗುತ್ತಾರೆ. ಮೊದಲ ನಾಗಮ್ಮ ಎದುರಾದ ದಿನ ನಗು ನಿಲ್ಲುತ್ತದೆ.

ನಾನು ನಿವೃತ್ತಳಾಗುವ ಸ್ವಲ್ಪ ಮೊದಲು ಅವರು ಮೂವರೂ ಕೊನೆಯ ತಪಾಸಣೆಗೆ ಬಂದರು. ಸ್ಕ್ಯಾನ್ ಚೊಕ್ಕವಾಗಿತ್ತು, ಕೂಡಿಸಿದ ಎಲುಬು ಹಿಡಿದುಕೊಂಡಿತ್ತು. ಶರಣಮ್ಮನ ಮುಖದಲ್ಲಿ ಎಡ ಯಾವುದು ಬಲ ಯಾವುದು ಎಂದು ಹುಡುಕಬೇಕು, ಅಷ್ಟು ಸರಿಯಾಗಿತ್ತು. ನಕ್ಕಾಗ ಎರಡೂ ಕಣ್ಣು ನಗುತ್ತಿದ್ದವು. ಆದರೆ ಮೂಗಿನಲ್ಲಿ ಇನ್ನೂ ಬೇವಿನ ಕಡ್ಡಿ.

"ಅಲ್ಲವಾ, ಗಾಯ ಮಾಯ್ದು ಎಷ್ಟ ದಿನ ಆತು! ಮೂಗಬಟ್ಟ ಯಾಕ ಹಾಕ್ಕೊಂಡಿಲ್ಲ?" ಎಂದೆ.

ಶರಣಮ್ಮ ಮೇಜಿನ ಕೆಳಗೆ ನನ್ನ ಕಾಲನ್ನು ಮೆಲ್ಲಗೆ ಒತ್ತಿದಳು. ನಾಗಮ್ಮ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು: "ಕಡ್ಡಿ ಇರೋತನ ಹತ್ತಂಗಿಲ್ಲ ಅಂತ ಮಾತ ಕೊಟ್ಟಾನ್ರಿ. ಇರಲಿ ಬಿಡ್ರಿ."

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಹಣಮಂತ ಕೇಳಿದ: "ಅಮ್ಮಾರ, ಆ ಕಡ್ಡಿ ಇನ್ನ ಎಷ್ಟ ದಿನಾ ಇರಬೇಕ್ರಿ?"

ನನ್ನ ಇಡೀ ವೃತ್ತಿಯಲ್ಲಿ ನಾನು ಕಾಣದ್ದನ್ನು ಕಂಡೆ ಎಂದು ಬರೆದವಳಲ್ಲ. ಪರದೆಯ ಕಡೆ ತಿರುಗಿ, ಕನ್ನಡಕ ಸರಿಮಾಡಿಕೊಂಡು, ಆ ಚೊಕ್ಕ ಎಲುಬನ್ನು ಮತ್ತೊಮ್ಮೆ ಗಂಭೀರವಾಗಿ ನೋಡಿದೆ.

"ಇರಬೇಕಪ್ಪ," ಎಂದೆ. "ಇನ್ನೂ ಭಾಳ ದಿನಾ ಇರಬೇಕು."